ಹಸ್ಕಿ ಹಿಂದೆ ಓಡೋಕೆ ಯಾವ ಹಾರ್ನೆಸ್? ಮೂರನ್ನೂ ಹಾಕಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪುಣೆಯ ಟೇಕಡಿಗಳಲ್ಲಿ, ಅಂದರೆ ಗುಡ್ಡಗಳಲ್ಲಿ, ಹಸ್ಕಿ ನಾಯಿಗೆ ಹಗ್ಗ ಕಟ್ಟಿ ಅದರ ಹಿಂದೆ ಓಡುವುದಾದರೆ, ಬೆನ್ನಿನ ನಡುವಿಗೇ ಮುಗಿಯುವ ಗಿಡ್ಡ ಹಾರ್ನೆಸ್ (ನಾಯಿಯ ಮೈಗೆ ತೊಡಿಸುವ ಪಟ್ಟಿ) ತಗೊಳ್ಳಿ. ಸ್ಲೆಡ್ (ಹಿಮದ ಮೇಲಿನ ಜಾರುಬಂಡಿ) ಎಳೆಯುವ ನಾಯಿಗಳ ವಿಡಿಯೋದಲ್ಲಿ ಕಾಣುವ, ಬೆನ್ನ ಮೇಲೆ ಎಕ್ಸ್ ಆಕಾರದ ಪಟ್ಟಿ ಇರುವ ಉದ್ದನೆಯದು ನೋಡೋಕೆ ಚೆಂದ. ಆದರೆ ಇಲ್ಲಿಗಲ್ಲ.

ಹಿಮದ ಮೇಲೆ ಸ್ಕೀ ಹಾಕಿಕೊಂಡು ನಾಯಿಯಿಂದಲೋ ಕುದುರೆಯಿಂದಲೋ ಎಳೆಸಿಕೊಳ್ಳುವುದು ಸ್ಕೀಜೋರಿಂಗ್. 1928ರ ಸೇಂಟ್ ಮೊರಿಟ್ಜ್ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಕುದುರೆಗಳಿಂದ ಎಳೆಸಿ ಇದರ ಪ್ರದರ್ಶನ ನಡೆಸಿದ್ದರು. ನಮಗೆ ಹಿಮ ಎಲ್ಲಿಂದ ಬರಬೇಕು? ಸ್ಕೀ ಬಿಟ್ಟು ಕಾಲಲ್ಲೇ ಓಡಿದರೆ ಅದು ಕ್ಯಾನಿಕ್ರಾಸ್: ನಾಯಿಗೆ ಹಾರ್ನೆಸ್, ನಮ್ಮ ಸೊಂಟಕ್ಕೆ ಬೆಲ್ಟ್, ನಡುವೆ ಹಿಗ್ಗುವ ಬಂಜೀ ಹಗ್ಗ. ಡಿಸೆಂಬರ್ ಕೊನೆಯ ರಜೆಯಲ್ಲಿ ಬೆಳಗಿನ ಚಳಿ 10-12 ಡಿಗ್ರಿಗೆ ಇಳಿದಿರುತ್ತದೆ. ಹಸ್ಕಿಗೆ ಹಬ್ಬ. ಬಿಸಿಲೇರುವ ಮುಂಚೆ ಮನೆ ಸೇರಬೇಕು, ಅಷ್ಟೇ.

ಪೆಟ್ ಅಂಗಡಿಯಲ್ಲಿ ಸಿಗುವ, ಎದೆಗೆ ಅಡ್ಡಪಟ್ಟಿ ಇರುವ ಹಾರ್ನೆಸ್ ಬಗ್ಗೆ ಜಾಸ್ತಿ ಹೇಳೋದಿಲ್ಲ. ಅಂಥವುಗಳಲ್ಲಿ ಎಷ್ಟೋ, ನಾಯಿ ಎಳೆಯದಿರಲಿ ಅಂತಲೇ ಮಾಡಿದವು. ಪಟ್ಟಿ ಭುಜದ ಮೇಲೆ ಬಂದು ಮುಂಗಾಲು ಪೂರ್ತಿ ಚಾಚೋಕೆ ಬಿಡುವುದಿಲ್ಲ, ಕಂಕುಳೂ ಉಜ್ಜುತ್ತದೆ. ವಾಕಿಂಗ್‌ಗೆ ಸಾಕು.

ಎಕ್ಸ್ ಹಾರ್ನೆಸ್ ಅಗ್ಗದ್ದಲ್ಲ. ಕೊರಿಯರ್ ಸೇರಿ ನಾಲ್ಕು ಸಾವಿರ ದಾಟಿತು. ಹೊಲಿಗೆ, ಒಳಗಿನ ಮೆತ್ತೆ ಎಲ್ಲ ಚೆನ್ನಾಗಿದೆ. ತಕರಾರು ಇರುವುದು ಹಗ್ಗ ಕಟ್ಟುವ ಕುಣಿಕೆಯಲ್ಲಿ. ಅದು ಬಾಲದ ಬುಡದಲ್ಲಿ ಬರುತ್ತದೆ. ಸ್ಲೆಡ್‌ಗೆ ಕಟ್ಟಿದಾಗ ಹಗ್ಗ ನೆಲದ ಹತ್ತಿರವೇ ಹೋಗುತ್ತದಲ್ಲ, ಅದಕ್ಕೆ ಅದು ಸರಿ. ಓಡುವಾಗ ಹಗ್ಗದ ಇನ್ನೊಂದು ತುದಿ ಇರುವುದು ನನ್ನ ಸೊಂಟದಲ್ಲಿ. ಹಗ್ಗವೂ ಎರಡು ಮೀಟರ್ ಆಸುಪಾಸು. ಹಾಗಾಗಿ ಎಳೆತ ಹಿಂದಕ್ಕೆ ಹೋಗುವ ಬದಲು ಮೇಲಕ್ಕೆ ಬರುತ್ತದೆ. ಪಟ್ಟಿ ಬೆನ್ನಿಂದ ಎದ್ದು ನಿಲ್ಲುತ್ತದೆ, ಭಾರವೆಲ್ಲ ಬೇಡದ ಕಡೆ ಬೀಳುತ್ತದೆ. ನೊಗ ಬಿಟ್ಟು ಎತ್ತಿನ ಕುತ್ತಿಗೆಗೆ ಹಗ್ಗ ಕಟ್ಟಿ ಗಾಡಿ ಎಳೆಸಿದ ಹಾಗೆ.

ಅದನ್ನೂ ಸಹಿಸಬಹುದಿತ್ತು. ನಮ್ಮ ಹಸ್ಕಿ ಭೀಮ ನಿಲ್ಲದೆ ಓಡುವವನಾಗಿದ್ದರೆ! ವೇತಾಳ ಟೇಕಡಿಯಲ್ಲಿ ನವಿಲುಗಳಿವೆ. ಒಂದು ಕೂಗಿದರೆ ಸಾಕು, ಗಕ್ಕನೆ ನಿಲ್ಲುತ್ತಾನೆ. ಹಗ್ಗ ಸಡಿಲವಾಗಿ ಕುಣಿಕೆ ಪಕ್ಕಕ್ಕೆ ಜಾರುತ್ತದೆ, ಹಗ್ಗ ಹಿಂಗಾಲುಗಳ ಮಧ್ಯೆ ಬೀಳುತ್ತದೆ. ಅವನು ಅದನ್ನು ದಾಟಿಯೇ ಮತ್ತೆ ಎಳೆಯೋಕೆ ಶುರು. ನಾನು ಕೂತು ಬಿಡಿಸಬೇಕು. ಹತ್ತು ಹೆಜ್ಜೆಗೆ ಇನ್ನೊಂದು ವಾಸನೆ, ಮತ್ತದೇ ಕಥೆ.

ಇದಕ್ಕಿಂತ ಗಾಬರಿಯ ಸಂಗತಿ ಇನ್ನೊಂದಿದೆ. ಬೀದಿನಾಯಿಗಳು ಎದುರಾದಾಗ ಭೀಮ ನನ್ನ ಕಡೆ ತಿರುಗಿ ಹಿಂದೆ ಹಿಂದೆ ಸರಿದ. ಹಾರ್ನೆಸ್ ಅವನ ತಲೆಯ ಮೇಲಿಂದ ಕಳಚಿ ನನ್ನ ಕೈಗೇ ಬಂತು. ವಾಕಿಂಗ್ ಬಂದಿದ್ದ ಒಬ್ಬ ಕಾಕಾ ಅವನ ಕುತ್ತಿಗೆಪಟ್ಟಿ ಹಿಡಿದುಕೊಂಡರು, ಬಚಾವ್. ಹಸ್ಕಿ ಒಮ್ಮೆ ಬಿಟ್ಟು ಓಡಿತೆಂದರೆ ಕರೆದರೆ ಬರುವ ಜಾತಿಯಲ್ಲ.

ಗಿಡ್ಡದರಲ್ಲಿ ಎದೆಯ ಮೇಲೆ ವೈ ಆಕಾರದ ಪಟ್ಟಿ, ಪಕ್ಕೆಲುಬಿನ ಹಿಂದೆ ಕೊಂಡಿ. ಸೊಂಟದಿಂದ ಹಗ್ಗ ಓರೆಯಾಗಿ ಇಳಿದರೂ ಹಾರ್ನೆಸ್ ಏಳುವುದಿಲ್ಲ. ಕಾಲಿಗೆ ಸುತ್ತಿಕೊಳ್ಳುವುದು ಪೂರ್ತಿ ನಿಂತಿಲ್ಲ, ಆದರೆ ಕಡಿಮೆ. ಹೊಟ್ಟೆಯ ಕೆಳಗೆ ಬಕಲ್ ಇರುವುದರಿಂದ ಹಿಂದೆ ಸರಿದರೂ ಸುಲಭಕ್ಕೆ ಕಳಚುವುದಿಲ್ಲ. ಕುತ್ತಿಗೆಯ ಜಾಗ ಬಿಗಿಯಾಗಿರಲಿ, ತಲೆ ಸ್ವಲ್ಪ ಒತ್ತಿಯೇ ತೂರಿಸುವಷ್ಟು. ಬೆಲೆ ಮೂರು ಸಾವಿರದ ಒಳಗೆ.

ಉಳಿದ ದುಡ್ಡನ್ನು ಬೆಲ್ಟಿಗೆ ಹಾಕಿ. ತೊಡೆಗೆ ಪಟ್ಟಿ ಇರುವುದೇ ಬೇಕು, ಇಲ್ಲದಿದ್ದರೆ ಬೆಲ್ಟ್ ಮೇಲೇರಿ ಸೊಂಟನೋವು ಗ್ಯಾರಂಟಿ.

ನಾನು ಓಡುವುದು ಎರಡು ಮೂರು ಕಿಲೋಮೀಟರ್, ಅದೂ ಫೆಬ್ರುವರಿ ಶುರುವಾಗುವವರೆಗೆ. ನಿಮ್ಮ ಹತ್ತಿರ ಕಿಕ್ ಸ್ಕೂಟರ್ (ನಿಂತು ಕಾಲಲ್ಲಿ ತಳ್ಳಿ ಓಡಿಸುವ ಗಾಡಿ) ಇದ್ದು ಹಗ್ಗವನ್ನು ಅದರ ಮುಂಭಾಗಕ್ಕೆ ಕೆಳಗೆ ಕಟ್ಟುತ್ತೀರಾದರೆ ಎಕ್ಸ್ ಸರಿಹೋಗುತ್ತದೆ. ಪುಣೆಯ ಕೊಥ್ರೂಡ್ ಕಡೆ ಇದ್ದರೆ ನನ್ನದನ್ನೇ ಅರ್ಧ ಬೆಲೆಗೆ ಕೊಡುತ್ತೇನೆ. ಭೀಮನ ತೂಕ 23 ಕಿಲೋ. ನಿಮ್ಮ ನಾಯಿಯನ್ನು ಕರೆತನ್ನಿ, ಹಾಕಿ ನೋಡಿಯೇ ತಗೊಳ್ಳಿ.