ದೊಡ್ಡ ಗ್ಯಾಸ್ ಗೀಸರ್ ಹಾಕಿಸೋ ಮೊದಲು ಪೈಪ್ ನೋಡಿ

ಹುಬ್ಬಳ್ಳಿ-ಧಾರವಾಡದಲ್ಲಿ ಪೈಪ್ ಗ್ಯಾಸ್ ತಗೊಂಡವರು, ಹಳೆ ಗೀಸರ್ ತೆಗೆದು ದೊಡ್ಡದು ಹಾಕಿಸಬೇಕು ಅಂತಿದ್ದರೆ ಅಂಗಡಿಗೆ ಹೋಗುವ ಮೊದಲು ಇದನ್ನೊಮ್ಮೆ ಓದಿ.

ಧಾರವಾಡದ ಸಪ್ತಾಪುರದ ಕಡೆ ನಮ್ಮ ಮನೆ. ಕೆಳಗಿನ ಬಚ್ಚಲಿಗೆ ನಿಮಿಷಕ್ಕೆ 6 ಲೀಟರಿನ ಗೀಸರ್ ಇತ್ತು, ತಕರಾರಿಲ್ಲದೆ ನಡೀತಿತ್ತು. ಮೇಲೆ ಕಟ್ಟಿಸಿದ ಮೇಲೆ ಎರಡೂ ಬಚ್ಚಲಿಗೆ ಸಾಲಲಿ ಅಂತ 10 ಲೀಟರಿನದು ತಂದು ಮಹಡಿಯ ಹೊರಗೋಡೆಗೆ ಹಾಕಿಸಿದೆವು. ಅಂಗಡಿಯವರು ಕಳಿಸಿದ ಫಿಟ್ಟರ್ ಹಳೆಯ 12 ಮಿ.ಮೀ. ತಾಮ್ರದ ಪೈಪನ್ನೇ ಮೇಲಕ್ಕೆ ಎಳೆದ. ಉದ್ದ ಎರಡು ಪಟ್ಟಿಗಿಂತ ಜಾಸ್ತಿ ಆಯ್ತು, ನಡುವೆ ಒಂದಿಷ್ಟು ಎಲ್ಬೋ, ಅಂದರೆ ಪೈಪ್ ತಿರುಗಿಸುವ ಮೊಳಕೈ ಜೋಡಣೆ. ಇಷ್ಟು ಸಣ್ಣದು ಸಾಕೇನಪ್ಪಾ ಅಂತ ಕೇಳಿದರೆ, "ಗ್ಯಾಸ್ ಏನು ನೀರೇನ್ರೀ ಸರ, ಎಷ್ಟ್ ಸಣ್ಣದರಾಗೂ ಹೋಗ್ತೈತಿ" ಅಂದ.

ಮೇಲೆ ಬಿಸಿನೀರು ಬಿಟ್ಟರೆ ಸಾಕು, ಕೆಳಗೆ ಅದೇ ಪೈಪಿನ ಮೇಲಿದ್ದ ಒಲೆಯ ಉರಿ ಕುಗ್ಗುತ್ತಿತ್ತು. "ರೊಟ್ಟಿ ಉಬ್ಬವಲ್ವು, ಒಲಿ ರಿಪೇರಿ ಮಾಡಸ್ರಿ" ಅಂತ ಮನೆಯವಳ ದೂರು. ಒಲೆ ರಿಪೇರಿಯವನು ಬಂದು ಬರ್ನರ್ ತೊಳೆದು ದುಡ್ಡು ತಗೊಂಡು ಹೋದ. ಇನ್ನು ಗೀಸರ್, ಮೈಗೆ ಸೋಪು ಹಚ್ಚಿಕೊಂಡಾಗಲೇ ಆರುತ್ತಿತ್ತು.

ಇದೆಲ್ಲ ಬರೀ ಕಿರಿಕಿರಿ. ಹೆದರಿಸಿದ್ದು ಬೇರೆ. ಒಂದು ಮುಂಜಾನೆ ಹಾಲು ಸಿಮ್‌ನಲ್ಲಿತ್ತು, ಕಿಟಕಿ ತೆರೆದಿತ್ತು. ಮೇಲೆ ಗೀಸರ್ ಹೊತ್ತಿತು. ಸಿಮ್ ಉರಿ ಇನ್ನೂ ಸಣ್ಣದಾಗಿ ಗಾಳಿಗೆ ಆರಿಹೋಯಿತು. ಆಮೇಲೆ ಗೀಸರ್ ಬಂದ್ ಆಯ್ತು, ಪ್ರೆಶರ್ ವಾಪಸ್ ಬಂತು. ಬರ್ನರಿನಲ್ಲಿ ಉರಿ ಇಲ್ಲ, ಗ್ಯಾಸ್ ಮಾತ್ರ ಬರುತ್ತಲೇ ಇತ್ತು. ಅವ್ವ ದೇವರ ದೀಪ ಹಚ್ಚಲು ಕಡ್ಡಿಪೆಟ್ಟಿಗೆ ಹಿಡಿದಿದ್ದಳು. ವಾಸನೆ ಬಡಿದು ಅದನ್ನು ಅಲ್ಲೇ ಇಟ್ಟು ಕೂಗಿದಳು.

ಫಿಟ್ಟರನ್ನು ಕರೆಸಿದರೆ, "ರೆಗ್ಯುಲೇಟರ್ ಸ್ಕ್ರೂ ಒಂದೀಟು ಬಿಗಿ ಮಾಡಿದ್ರ ಆತ್ರೀ" ಅಂದ. ಅದಕ್ಕೆ ಮಾತ್ರ ಯಾರೂ ಒಪ್ಪಬೇಡಿ. ಗೀಸರ್ ಬಂದ್ ಇದ್ದಾಗ ಆ ಹೆಚ್ಚಿನ ಪ್ರೆಶರ್ ಎಲ್ಲಾ ಒಲೆಯ ಮೇಲೇ ಬರುತ್ತೆ.

ಕೊನೆಗೆ ಗ್ಯಾಸ್ ಕಂಪನಿಗೆ ಫೋನ್ ಮಾಡಿದೆವು. ಬಂದ ಹುಡುಗ ಒಂದು ಪಾರದರ್ಶಕ ನಳಿಕೆ ತೆಗೆದ, ಯು ಆಕಾರಕ್ಕೆ ಬಗ್ಗಿಸಿ ಹಲಗೆಗೆ ಕಟ್ಟಿದ್ದು, ಒಳಗೆ ನೀರು. ಅದನ್ನು ಗೀಸರಿನ ಹತ್ತಿರ ಲೈನಿಗೆ ಸೇರಿಸಿದ. ಎಲ್ಲಾ ಬಂದ್ ಇದ್ದಾಗ ಎರಡು ಬದಿಯ ನೀರಿನ ನಡುವೆ 21 ಸೆಂ.ಮೀ. ವ್ಯತ್ಯಾಸ, ಅಂದರೆ ಗ್ಯಾಸಿನ ಪ್ರೆಶರ್ ಸುಮಾರು 21 ಮಿಲಿಬಾರ್. ಮನೆಗೆ ಬರಬೇಕಾದ್ದು ಅಷ್ಟೇ. ಗೀಸರ್ ಹಚ್ಚಿದ ಕೂಡಲೇ 12ಕ್ಕೆ ಬಿತ್ತು. ಒಲೆಯ ಬರ್ನರೂ ಹಚ್ಚಿದರೆ ಇನ್ನೂ ಕೆಳಗೆ. ಎಲ್ಲಾ ಬಂದ್ ಇದ್ದಾಗ ಅಳೆದರೆ ಈ ರೋಗ ಕಾಣೋದೇ ಇಲ್ಲ, ಎಲ್ಲಾ ಹಚ್ಚಿ ಅಳೆಯಬೇಕು.

ಲೆಕ್ಕ ಸುಲಭ. 6 ಲೀಟರಿನ ಗೀಸರ್ ಗಂಟೆಗೆ ಸುಮಾರು 1.2 ಘನ ಮೀಟರ್ ಗ್ಯಾಸ್ ಎಳೆದರೆ, 10 ಲೀಟರಿನದು ಸುಮಾರು 2. ಗ್ಯಾಸ್ ಎರಡು ಪಟ್ಟು ಹರಿದರೆ ಪೈಪಿನಲ್ಲಿ ಪ್ರೆಶರ್ ನಷ್ಟ ಹೆಚ್ಚುಕಡಿಮೆ ನಾಲ್ಕು ಪಟ್ಟು. ಉದ್ದ ಜಾಸ್ತಿಯಾದಷ್ಟೂ ಅದೂ ಸೇರಿಕೊಳ್ಳುತ್ತೆ. ಅದೇ ಪೈಪ್ 22 ಮಿ.ಮೀ. ಆದರೆ ನಷ್ಟ ಇಪ್ಪತ್ತರಲ್ಲಿ ಒಂದು ಪಾಲಿಗೂ ಇಳಿಯುತ್ತೆ. ಎಲ್ಬೋಗಳನ್ನೂ ಲೆಕ್ಕಕ್ಕೆ ತಗೋಬೇಕು, ಒಂದೊಂದೂ ಸುಮಾರು ಅರ್ಧ ಮೀಟರ್ ಪೈಪಿನಷ್ಟು ಪ್ರೆಶರ್ ತಿನ್ನುತ್ತೆ. ಗ್ಯಾಸ್ ಮೀಟರ್ ಕೂಡ ನೋಡಿ. ನಮ್ಮದರ ಮೇಲೆ ಗಂಟೆಗೆ ಗರಿಷ್ಠ 2.5 ಘನ ಮೀಟರ್ ಅಂತ ಬರೆದಿತ್ತು. ಗೀಸರ್ ಜೊತೆ ಒಲೆಯ ಎಲ್ಲಾ ಬರ್ನರ್ ಹಚ್ಚಿದರೆ ಅದೂ ಸಾಲದು.

ಈಗ ಮೀಟರಿನಿಂದಲೇ ಗೀಸರಿಗೆ ಬೇರೆ 22 ಮಿ.ಮೀ. ಲೈನ್ ಎಳೆಸಿದ್ದೇವೆ. ಎಲ್ಲಾ ಹಚ್ಚಿ ಮತ್ತೆ ಅಳೆಸಿ, ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ ನೋಡಿಸಿದೆವು. ದೊಡ್ಡ ಮೀಟರಿಗೆ ಅರ್ಜಿ ಕೊಟ್ಟಿದ್ದೇವೆ. ಅಲ್ಲಿತನಕ ಸ್ನಾನದ ಹೊತ್ತಿಗೆ ಒಲೆಯಲ್ಲಿ ಒಂದೇ ಬರ್ನರ್.

ಅಂದಹಾಗೆ ಗೀಸರನ್ನು ಬಚ್ಚಲೊಳಗೆ ಹಾಕಿಸಬೇಡಿ, ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ವಿಷದ ಗಾಳಿ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇರಲ್ಲ. ಸಿಲಿಂಡರಿಗೆ ಮಾಡಿದ ಗೀಸರನ್ನು ಜೆಟ್ (ಗ್ಯಾಸ್ ಹೊರಬರುವ ಸಣ್ಣ ತೂತಿನ ಬಿಡಿಭಾಗ) ಬದಲಿಸದೆ ಪೈಪ್ ಗ್ಯಾಸಿಗೆ ಹಚ್ಚಿಸಲೂಬೇಡಿ.

ಫಿಟಿಂಗ್ ದುಡ್ಡು ವಾಪಸ್ ಕೇಳಲು ಅಂಗಡಿಗೆ ಹೋಗಿದ್ದೆ. "ವಾರಂಟಿ ಗೀಸರಿಗೆ ಐತ್ರೀ ಸರ, ಪೈಪಿಗಿಲ್ಲ" ಅಂದರು.