ಹರ್ಗೇಸಾದಲ್ಲಿ ಮೂರು ದಿನ: ದಂಪತಿಗಳಿಗೆಂದು ಹೊಂದಿಸಿದ ಪ್ರವಾಸ ಹೇಗಿತ್ತು

ಸೊಮಾಲಿ ಜನರ ಬದುಕನ್ನೂ ಆತಿಥ್ಯವನ್ನೂ ಹತ್ತಿರದಿಂದ ಕಾಣಬೇಕೆಂಬ ಆಸೆಯಿಂದ ನಾನೂ ನನ್ನ ಪತ್ನಿಯೂ ಪೂರ್ವ ಆಫ್ರಿಕಾದ ಸೊಮಾಲಿಲ್ಯಾಂಡಿನ ರಾಜಧಾನಿ ಹರ್ಗೇಸಾಕ್ಕೆ ಮೂರು ದಿನಗಳ ಮಟ್ಟಿಗೆ ಹೋಗಿಬಂದೆವು. ಕಾರು, ಮಾರ್ಗದರ್ಶಿ, ಪುರಾತನ ಬಂಡೆಚಿತ್ರಗಳಿರುವ ಲಾಸ್ ಗೀಲ್ ನೋಡಲು ಬೇಕಾದ ಪರವಾನಗಿ, ಜೊತೆಗೆ ಬರುವ ಬಂದೂಕುಧಾರಿ ಕಾವಲುಗಾರ, ಇಷ್ಟನ್ನೂ ಅಲ್ಲಿಯದೇ ಒಂದು ಸಂಸ್ಥೆ ಮೊದಲೇ ಹೊಂದಿಸಿತ್ತು. ಆ ಮಟ್ಟಿಗೆ ಕೆಲಸ ಅಚ್ಚುಕಟ್ಟಾಗಿತ್ತು. ವೇಳಾಪಟ್ಟಿಯ ಬಗ್ಗೆ ಮಾತ್ರ ನನಗೆ ತಕರಾರಿದೆ. ಒಂಟೆ ಸಂತೆ ಕಳೆಗಟ್ಟುವುದು ಬೆಳಗಿನ ಹೊತ್ತು. ನಮ್ಮನ್ನು ಕರೆದೊಯ್ದದ್ದು ಊಟದ ನಂತರ, ವ್ಯಾಪಾರ ಮುಗಿದು ಧೂಳಷ್ಟೇ ಉಳಿದಿದ್ದಾಗ.

ಲಾಸ್ ಗೀಲ್ ನಿರಾಸೆ ಮಾಡಲಿಲ್ಲ. ಹರ್ಗೇಸಾದಿಂದ ಬಂದರು ಪಟ್ಟಣ ಬೆರ್ಬೆರಾದ ಕಡೆಗೆ ಸುಮಾರು 50 ಕಿ.ಮೀ. ಸಾಗಿದರೆ ಸಿಗುವ ಈ ಕಲ್ಲಾಸರೆಗಳ ಚಿತ್ರಗಳು ಹೊರಜಗತ್ತಿಗೆ ಪರಿಚಯವಾದದ್ದು 2002ರಲ್ಲಿ, ಫ್ರೆಂಚ್ ಪುರಾತತ್ವಜ್ಞರ ತಂಡದ ಮೂಲಕ. ಕೊರಳಿಗೆ ಪಟ್ಟೆಪಟ್ಟೆಯ ಅಲಂಕಾರ ತೊಟ್ಟ ಹಸುಗಳ ಕೆಂಪು ಬಣ್ಣ ಸಾವಿರಾರು ವರ್ಷಗಳ ಬಳಿಕವೂ ಮಾಸಿಲ್ಲ.

ಆದರೆ ಇಡೀ ಪ್ರವಾಸದ ಬೆಲೆ ಇದ್ದದ್ದು ಎರಡನೆಯ ದಿನದ ಮಧ್ಯಾಹ್ನದ ಮನೆಯೂಟದಲ್ಲಿ. ಮನೆಯವರು ಬಾಗಿಲಲ್ಲೇ ‘ಸೋ ಧವೋ’ ಎಂದರು. ಸ್ವಾಗತ ಕೋರುವ ಈ ಮಾತಿಗೆ ಅಕ್ಷರಶಃ ಅರ್ಥ ‘ಹತ್ತಿರ ಬನ್ನಿ’ ಎಂದು. ಕೈ ತೊಳೆದು ಕುಳಿತ ಮೇಲೆ ಹವಾಶ್ ಮಸಾಲೆಯ ಘಮವಿದ್ದ ಬರೀಸ್ ಅನ್ನ, ಅದರ ಮೇಲೆ ಆಡಿನ ಮಾಂಸ, ಪಕ್ಕದಲ್ಲಿ ಸುಲಿಯದ ಬಾಳೆಹಣ್ಣು ಬಂದವು. ಹಣ್ಣನ್ನು ಕೊನೆಗೆಂದು ತೆಗೆದಿಟ್ಟೆ. ಮನೆಯ ಯಜಮಾನರು ನಗುತ್ತಾ ಅದನ್ನು ಸುಲಿದು, ಮುರಿದು, ನನ್ನ ಅನ್ನದೊಳಕ್ಕೇ ಹಾಕಿದರು. ಖಾರದ ತುತ್ತಿನ ನಡುವೆ ಆ ಸಿಹಿ ನಿಜಕ್ಕೂ ಹೊಂದುತ್ತದೆ.

ಅಷ್ಟರಲ್ಲಿ ನನ್ನ ಪತ್ನಿಯನ್ನು ಹೆಂಗಸರು ಒಳಕೋಣೆಗೆ ಕರೆದೊಯ್ದಿದ್ದರು. ದಬ್ಕಾದ್ ಎಂಬ ಧೂಪದ ಪಾತ್ರೆಯ ಕೆಂಡದ ಮೇಲೆ ಊನ್ಸಿ ಎಂಬ ಸುಗಂಧದ ಧೂಪ ಉದುರಿಸಿ, ಅವಳ ಶಾಲನ್ನು ಹೊಗೆಯ ಮೇಲೆ ಹಿಡಿದು ಪರಿಮಳ ಕಟ್ಟಿದರಂತೆ. ಎರಡು ದಿನ ಮಾರ್ಗದರ್ಶಿ ಬಹುತೇಕ ನನ್ನೊಡನೆಯೇ ಮಾತನಾಡಿದ್ದರಿಂದ ಮುನಿಸಿಕೊಂಡಿದ್ದವಳು, ನನಗೆ ಪ್ರವೇಶವೇ ಇಲ್ಲದ ಕೋಣೆಯಿಂದ ಗೆದ್ದವಳಂತೆ ಹೊರಬಂದಳು. ಏಲಕ್ಕಿ, ದಾಲ್ಚಿನ್ನಿ ಹಾಕಿದ ಶಾಹ್ ಚಹಾ ಬರುವ ವೇಳೆಗೆ, ಹೊರಗೆ ನಿಂತಿದ್ದ ಚಾಲಕ ವೇಳಾಪಟ್ಟಿಯ ನೆಪ ಹೇಳಿ ನಮ್ಮನ್ನು ಎಬ್ಬಿಸಿದ್ದು ಈಗಲೂ ಬೇಸರ ತರಿಸುತ್ತದೆ.

ಜೋಡಿಯಾಗಿ ಹೋಗುವವರು ಮಹಿಳಾ ಮಾರ್ಗದರ್ಶಿ ಸಿಗುವರೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು. ಹೆಂಗಸರು ತಲೆಗೂದಲು ಮುಚ್ಚುವ ಬಟ್ಟೆ ಒಯ್ಯಬೇಕು, ಬೀದಿಯಲ್ಲಿ ಕೈಕೈ ಹಿಡಿದು ನಡೆಯುವುದು ಅಲ್ಲಿ ಸಲ್ಲದು, ಮದ್ಯ ನಿಷಿದ್ಧ. ಡಾಲರ್ ಎಲ್ಲೆಡೆ ನಡೆಯುತ್ತದೆ, ಆದ್ದರಿಂದ ರಸ್ತೆ ಬದಿಯಲ್ಲಿ ಇಟ್ಟಿಗೆಯಂತೆ ಪೇರಿಸಿಟ್ಟ ಶಿಲ್ಲಿಂಗ್ ಕಟ್ಟುಗಳನ್ನು ಕೊಳ್ಳುವ ಅಗತ್ಯ ಅಷ್ಟಾಗಿ ಬೀಳದು. ಶುಕ್ರವಾರ ವಾರದ ರಜೆ. ಊಟಕ್ಕೆ ಕರೆದ ಮನೆಗೆ ಆ ದಿನವನ್ನೇ ಮೀಸಲಿಟ್ಟು, ಸಂಜೆಗೆ ಬೇರೇನನ್ನೂ ಹಚ್ಚದಿರುವಂತೆ ಸಂಸ್ಥೆಯವರಿಗೆ ಬರವಣಿಗೆಯಲ್ಲೇ ತಿಳಿಸಿರಿ.