ಒಸಿಆರ್‌ಇ: ನಾಣ್ಯ ಗುರುತಿಸಲು ಅಚ್ಚುಕಟ್ಟು, ನಿಧಿಯ ಕಾಲಕ್ಕೆ ಸಾಲದು

ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ಸಿಕ್ಕಂಥ ರೋಮನ್ ಬೆಳ್ಳಿ ನಾಣ್ಯಗಳ ನಿಧಿ ಎದುರಿಗಿದ್ದರೆ ಮೊದಲು ತೆರೆಯಬೇಕಾದ ಜಾಲತಾಣ 'ಆನ್‌ಲೈನ್ ಕಾಯಿನ್ಸ್ ಆಫ್ ದ ರೋಮನ್ ಎಂಪೈರ್', ಚಿಕ್ಕದಾಗಿ ಒಸಿಆರ್‌ಇ. ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿ ನ್ಯೂಯಾರ್ಕ್ ವಿಶ್ವವಿದ್ಯಾಲಯದ ಜೊತೆ ಸೇರಿ ರೂಪಿಸಿದ್ದು, ಪುಕ್ಕಟೆ. ರೋಮನ್ ಅರಸ ಅಗಸ್ಟಸ್‌ನಿಂದ ಹಿಡಿದು ಕ್ರಿ.ಶ. 491ರಲ್ಲಿ ತೀರಿಕೊಂಡ ಜೀನೋವರೆಗೆ 40,000ಕ್ಕೂ ಹೆಚ್ಚು ಬಗೆಯ ನಾಣ್ಯಗಳು ಇದರಲ್ಲಿವೆ. ಬಹಳಷ್ಟಕ್ಕೆ ವಸ್ತುಸಂಗ್ರಹಾಲಯಗಳ ಫೋಟೊಗಳೂ ಇವೆ. ಸವೆದ ನಾಣ್ಯ ಹಿಡಿದವರಿಗೆ ಮುಖ್ಯವಾದದ್ದು ಅದೇ.

ಹುಡುಕುವ ಮುಂಚೆ ತೂಕ ನೋಡಿ. ಅಗಸ್ಟಸ್, ಟೈಬೀರಿಯಸ್ ಕಾಲದ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ಸುಮಾರು 3.7ರಿಂದ 3.9 ಗ್ರಾಂ ತೂಗುತ್ತದೆ. ಕ್ರಿ.ಶ. 64ರಲ್ಲಿ ನೀರೋ ತೂಕ ಇಳಿಸಿದ ಮೇಲೆ ಅದು 3.4 ಗ್ರಾಂ ಆಸುಪಾಸಿಗೆ ಬಂತು. ಆಮೇಲೆ ಲೋಹ, ಅರಸ, ಎರಡೂ ಮುಖಗಳ ಬರಹ, ಹಿಮ್ಮುಖದ ಚಿತ್ರ, ಈ ಕ್ರಮದಲ್ಲಿ ಒಂದೊಂದಾಗಿ ಸೋಸುತ್ತ ಹೋಗಿ. ಲ್ಯಾಟಿನ್ 'ಯು' ಇರಬೇಕಾದಲ್ಲಿ ನಾಣ್ಯದ ಮೇಲಿರುವಂತೆ 'ವಿ' ಎಂದೇ ಟೈಪ್ ಮಾಡಬೇಕು. ಪೂರ್ತಿ ಬರಹಕ್ಕಿಂತ ಖಚಿತವಾಗಿ ಕಾಣುವ ಒಂದು ಪದ ಕೊಟ್ಟರೆ ಬೇಗ ಸಿಗುತ್ತದೆ. ಊಹಿಸಿ ಸೇರಿಸಿದ ಒಂದೇ ಅಕ್ಷರ ಸರಿಯಾದ ಬಗೆಯನ್ನು ಪಟ್ಟಿಯಿಂದ ಹೊರಹಾಕಬಹುದು.

ನಮ್ಮ ಕಡೆಯ ನಿಧಿಗಳಲ್ಲಿ ಎಡವುವುದು ಇಲ್ಲಿ: ಟೈಬೀರಿಯಸ್ ಸೀಸರ್, ಟೈಬೀರಿಯಸ್ ಕ್ಲಾಡಿಯಸ್ ಇಬ್ಬರ ಬರಹವೂ 'ಟಿ ಐ ಸಿ' ಎಂದೇ ಶುರುವಾಗುತ್ತದೆ. ಮುಂದಿನದು ಸವೆದಿದ್ದರೆ ನಾಣ್ಯ ತಿರುಗಿಸಿ. ಕುಳಿತ ಹೆಂಗಸು, ಸುತ್ತ 'ಪಾಂಟಿಫ್ ಮ್ಯಾಕ್ಸಿಮ್' ಇದ್ದರೆ ಟೈಬೀರಿಯಸ್‌ನದು. ಮುಮ್ಮುಖದಲ್ಲಿ 'ಟಿ ಆರ್ ಪಿ' (ಅರಸನ ಟ್ರಿಬ್ಯೂನ್ ಅಧಿಕಾರದ ಸಂಕ್ಷೇಪ) ನಂತರ ರೋಮನ್ ಅಂಕಿ ಕಂಡರೆ ಕ್ಲಾಡಿಯಸ್‌ನ ಕಡೆ ನೋಡಿ. ಆ ಅಧಿಕಾರ ವರ್ಷಕ್ಕೊಮ್ಮೆ ನವೀಕರಣವಾಗುತ್ತಿತ್ತು. ಅವನ ಆರನೆಯದೆಂದರೆ ಕ್ರಿ.ಶ. 46–47.

ಕೊರತೆಗಳೂ ಇವೆ. 3ನೇ ಶತಮಾನದ ಉತ್ತರಾರ್ಧದ ಅರಸರ ಮೂಲ ಪಟ್ಟಿ 'ರೋಮನ್ ಇಂಪೀರಿಯಲ್ ಕಾಯಿನೇಜ್' ಎಂಬ ಮುದ್ರಿತ ಸೂಚಿಯ 1927, 1933ರ ಸಂಪುಟಗಳದ್ದು. ಆ ಭಾಗದ ಇಸವಿ, ಟಂಕಸಾಲೆಗಳನ್ನು ಕಣ್ಣುಮುಚ್ಚಿ ನಂಬಬೇಡಿ. ಅಲೆಕ್ಸಾಂಡ್ರಿಯದಂಥ ಪ್ರಾಂತ್ಯಗಳ ನಾಣ್ಯ ಬೇಕಾದರೆ 'ರೋಮನ್ ಪ್ರಾವಿನ್ಶಿಯಲ್ ಕಾಯಿನೇಜ್' ತಾಣಕ್ಕೇ ಹೋಗಬೇಕು. ಭಾರತದಲ್ಲಿ ಟಂಕಿಸಿದ ಅನುಕರಣೆಗಳನ್ನಂತೂ ಇಲ್ಲಿ ಹುಡುಕಿ ಫಲವಿಲ್ಲ. ಅಕ್ಷರ ಅರ್ಥವಿಲ್ಲದ ಗೀಟುಗಳಂತೆ ಕಂಡರೆ ಅನುಮಾನಪಡಿ.

ಇಡೀ ನಿಧಿಯ ಕಾಲದ ಲೆಕ್ಕ ನಿಮ್ಮದೇ. ಕೊನೆಯ ನಾಣ್ಯದ ಇಸವಿ ಹೇಳುವುದು ಹೂತಿದ್ದು ಅದಕ್ಕಿಂತ ಮುಂಚೆ ಅಲ್ಲ ಎಂದಷ್ಟೇ. ಹಳೆಯ, ತೂಕದ ಬೆಳ್ಳಿ ನಾಣ್ಯ ಟಂಕಿಸಿದ ಮೇಲೆ ಎಷ್ಟೋ ವರ್ಷ ಚಲಾವಣೆಯಲ್ಲಿರುತ್ತಿತ್ತು. ಕೊನೆಯ ನಾಣ್ಯ ಎಷ್ಟು ಸವೆದಿದೆ ನೋಡಿ, ಆಕ್ಸ್‌ಫರ್ಡ್‌ನ 'ಕಾಯಿನ್ ಹೋರ್ಡ್ಸ್ ಆಫ್ ದ ರೋಮನ್ ಎಂಪೈರ್' ದತ್ತಕೋಶದಲ್ಲಿರುವ ಇತರ ನಿಧಿಗಳೊಂದಿಗೆ ಹೋಲಿಸಿದ ಮೇಲೆಯೇ ಇಸವಿ ಬರೆಯಿರಿ.